ಕೆಲಸ ಮಾಡಿಸಿದ ಇಂಜಿನ್ ಆಯಿಲ್ ಕುಡಿದರೆ, ಬಿಚ್ಚುವ ಮೊದಲು ಅಳೆಯಿರಿ

ಸಾಲ ಮಾಡಿ ಟ್ರ್ಯಾಕ್ಟರಿನ ಇಂಜಿನ್ ಕೆಲಸ ಮಾಡಿಸಿರುತ್ತೇವೆ. ಹೊಸ ಲೈನರ್, ಹೊಸ ಪಿಸ್ಟನ್, ಹೊಸ ರಿಂಗು. ಇನ್ನು ಐದಾರು ವರ್ಷ ಚಿಂತೆ ಇಲ್ಲ ಅಂದುಕೊಂಡಿರುತ್ತೇವೆ. ಹದಿನೈದು ದಿನಕ್ಕೇ ಗೇಜು ಕಡ್ಡಿಯಲ್ಲಿ ಆಯಿಲ್ ಕೆಳಗಿಳಿದಿರುತ್ತೆ. ಮೇಸ್ತ್ರಿಯನ್ನು ಕೇಳಿದರೆ ‘ಮತ್ತೆ ಬಿಚ್ಚಿ ನೋಡ್ಬೇಕು’ ಅಂತಾರೆ. ಇಂಥ ಸಂಕಟ ನಮ್ಮ ಕಡೆ ಎಷ್ಟೋ ಜನಕ್ಕೆ ಬಂದಿದೆ. ನನಗೂ ಬಂತು. ಬಿಚ್ಚಿಸದೇ ಸರಿಹೋಯಿತು. ಪಕ್ಕದೂರಿನವರದು ಬಿಚ್ಚಲೇಬೇಕಾಯಿತು. ಎರಡಕ್ಕೂ ಇರುವ ವ್ಯತ್ಯಾಸ ಏನು, ಅದನ್ನು ಹೊರಗಿನಿಂದಲೇ ಹೇಗೆ ತಿಳಿಯಬಹುದು ಅನ್ನೋದನ್ನ ಇಲ್ಲಿ ಬರೆದಿದ್ದೇನೆ.

ನಮ್ಮದು ಚಳ್ಳಕೆರೆ ತಾಲೂಕು. ಏಳು ಎಕರೆ ಕೆಂಪು ಮಸಾರಿ ಖುಷ್ಕಿ ಹೊಲ. ಶೇಂಗಾ, ತೊಗರಿ, ಒಂದಿಷ್ಟು ನವಣೆ. ಮೂರು ಸಿಲಿಂಡರಿನ ಹಳೇ ಟ್ರ್ಯಾಕ್ಟರ್ ಇದೆ. ನಮ್ಮ ಹೊಲದ ಜೊತೆ ಊರವರ ಹೊಲವನ್ನೂ ಬಾಡಿಗೆಗೆ ಹೂಡುತ್ತೇನೆ. 2023ರ ಬರದಲ್ಲಿ ಬೆಳೆಯೂ ಇಲ್ಲ, ಬಾಡಿಗೆಯೂ ಇಲ್ಲ. 2024ರ ಏಪ್ರಿಲಿನಲ್ಲಿ 52 ಸಾವಿರ ಖರ್ಚು ಮಾಡಿ ಇಂಜಿನ್ ಕೆಲಸ ಮಾಡಿಸಿದೆ. ಮೇ ತಿಂಗಳಲ್ಲಿ ಮಳೆ ಬಿತ್ತು. ಹೂಡುವ ಹೊತ್ತಿಗೆ ಸರಿಯಾಗಿ ಆಯಿಲ್ ಕಡಿಮೆಯಾಗೋಕೆ ಹತ್ತಿತು. ಮೇಸ್ತ್ರಿ ‘ಬಿಚ್ಚಿ ರಿಂಗ್ ಬದ್ಲಾಯ್ಸೋಣ ಯಜಮಾನ್ರೆ, ನಂದು ಕೂಲಿ ಬೇಡ’ ಅಂದರು. ಸಾಮಾನಿಗೆ, ಲೇತಿಗೆ 14 ಸಾವಿರ. ದಿನ ಹನ್ನೆರಡು. ದುಡ್ಡಿಗಿಂತ ಆ ಹನ್ನೆರಡು ದಿನ ನಮಗೆ ದೊಡ್ಡದು. ಹದ ಹೋದರೆ ಮತ್ತೆ ಬರುತ್ತೆ ಅಂತ ಯಾರು ಹೇಳಬೇಕು?

ಎಷ್ಟು ಕುಡಿದರೆ ಜಾಸ್ತಿ?

ಯಾವ ಇಂಜಿನ್ನಾದರೂ ಸ್ವಲ್ಪ ಆಯಿಲ್ ಸುಡುತ್ತೆ. ಪಿಸ್ಟನ್ ಮೇಲೆ ಕೆಳಗೆ ಓಡುವಾಗ ಲೈನರಿಗೆ ತೆಳ್ಳಗೆ ಆಯಿಲ್ ಸವರಿರಬೇಕು. ಅದರಲ್ಲಿ ಒಂದಿಷ್ಟು ಉರಿದು ಹೋಗುತ್ತೆ. ಒಂದು ಹನಿಯೂ ಕಡಿಮೆಯಾಗಬಾರದು ಅಂತ ಕೂರೋದು ಸರಿಯಲ್ಲ.

ಲೆಕ್ಕ ಹೀಗೆ ಹಿಡಿಯಿರಿ. ಸುಟ್ಟ ಡೀಸೆಲ್ಲಿನ ನೂರಕ್ಕೆ ಒಂದು ಪಾಲಿನ ಒಳಗೆ ಆಯಿಲ್ ಹೋದರೆ ಚಿಂತೆ ಬೇಡ. ಟ್ರ್ಯಾಕ್ಟರುಗಳ ಪರೀಕ್ಷೆಯಲ್ಲೂ ಆಯಿಲನ್ನು ಡೀಸೆಲ್ಲಿನ ಜೊತೆ ಇಟ್ಟೇ ತೂಗುತ್ತಾರೆ. ಅವರದು ತೂಕದ ಲೆಕ್ಕ, ನಮಗೆ ಲೀಟರಿನ ಲೆಕ್ಕ ಸಾಕು. 35 ಲೀಟರ್ ಡೀಸೆಲ್ ಉರಿಸಿದರೆ 350 ಮಿ.ಲೀ. ಆಯಿಲ್. ಅದಕ್ಕೆ ಮೇಲೆ ಹೋದರೆ ಕಾರಣ ಹುಡುಕಬೇಕು. ಅರ್ಧ ಪಾಲಿನ ಒಳಗಿದ್ದರೆ ಒಳ್ಳೇ ಇಂಜಿನ್.

‘ಸಿಕ್ಕಾಪಟ್ಟೆ ಕುಡೀತೈತೆ’ ಅಂದರೆ ಯಾವ ಮೇಸ್ತ್ರಿಗೂ ಏನೂ ತಿಳಿಯೋದಿಲ್ಲ. ಇಷ್ಟು ಗಂಟೆಗೆ, ಇಷ್ಟು ಡೀಸೆಲ್ಲಿಗೆ, ಇಷ್ಟು ಆಯಿಲ್ ಅಂತ ಹೇಳಬೇಕು.

ಅಳೆಯುವುದು ಹೇಗೆ?

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಸಮ ನೆಲದ ಮೇಲೆ ನಿಲ್ಲಿಸಿ ಕಡ್ಡಿ ನೋಡಿ. ದಿನಾ ಅದೇ ಜಾಗ, ಅದೇ ಹೊತ್ತು. ಈಗ ತಾನೇ ನಿಲ್ಲಿಸಿದ ಇಂಜಿನ್ನಿನಲ್ಲಿ ಆಯಿಲ್ ಇನ್ನೂ ಮೇಲೇ ಇರುತ್ತೆ, ಚೇಂಬರಿಗೆ ಇಳಿದಿರೋದಿಲ್ಲ. ಆಗ ನೋಡಿದರೆ ಕಡಿಮೆ ಕಾಣುತ್ತೆ.

ಮೇಲಿನ ಗೆರೆಗೆ ಸರಿಯಾಗಿ ತುಂಬಿ. ಹತ್ತು ಗಂಟೆ ಕೆಲಸ ಮಾಡಿ. ಮರುದಿನ ಮತ್ತೆ ಮೇಲಿನ ಗೆರೆಗೆ ಬರೋತನಕ ಹಾಕಿ, ಎಷ್ಟು ಹಿಡಿಯಿತು ಅಂತ ಬರೆಯಿರಿ. ನಾನು ಅಳತೆಗೆ ಬ್ರಾಂದಿ ಅಂಗಡಿಯ ಕ್ವಾರ್ಟರ್ ಬಾಟಲಿ ಇಟ್ಟುಕೊಂಡೆ. ಅದು 180 ಮಿ.ಲೀ. ತೊಳೆದು ಒಣಗಿಸಿದರೆ ಅದಕ್ಕಿಂತ ಸಲೀಸಾದ ಅಳತೆ ಇಲ್ಲ. ನಮ್ಮದು ಮೊದಲ ಹತ್ತು ಗಂಟೆಗೆ ಮೂರು ಬಾಟಲಿ, ಅಂದರೆ 540 ಮಿ.ಲೀ. ಕುಡಿಯಿತು. ಸಣ್ಣ ಕೆಲಸ ಆದ್ದರಿಂದ ಡೀಸೆಲ್ ಉರಿದದ್ದು 20 ಲೀಟರ್ ಮಾತ್ರ. ನೂರಕ್ಕೆ ಎರಡೂ ಮುಕ್ಕಾಲು ಪಾಲು ಆಯಿತು. ಇದು ಖಂಡಿತ ಜಾಸ್ತಿ.

ಮೇಲಿನ ಗೆರೆ ದಾಟಿ ಆಯಿಲ್ ತುಂಬಬೇಡಿ. ಕ್ರ್ಯಾಂಕು ಆ ಆಯಿಲನ್ನು ಹೊಡೆದು ಲೈನರಿಗೆ ಎರಚುತ್ತೆ. ರಿಂಗು ಅಷ್ಟನ್ನೂ ಒರೆಸಲಾರದು, ಉರಿದು ಹೋಗುತ್ತೆ. ಗೆರೆಯ ತನಕ ಬೇಗ ಇಳಿದು ಆಮೇಲೆ ನಿಂತರೆ ಕಾರಣ ಇದೇ. ಕೆಲಸ ಮಾಡಿಸಿದಾಗ ಗೇಜು ಕಡ್ಡಿ ಬೇರೆ ಇಂಜಿನ್ನಿನದು ಬಂದಿದೆಯಾ ಅಂತಲೂ ನೋಡಿಕೊಳ್ಳಿ.

ಇನ್ನೊಂದು ವಿಷಯ. ಆಯಿಲ್ ಇಳಿಯದೆ ಏರುತ್ತಾ ಹೋದರೆ ಖುಷಿ ಪಡಬೇಡಿ. ಡೀಸೆಲ್ಲೋ ನೀರೋ ಸೇರುತ್ತಿರುತ್ತೆ. ಬೆರಳಿಗೆ ಹಚ್ಚಿ ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ, ಅಥವಾ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ, ಇಂಜಿನ್ ನಿಲ್ಲಿಸಿ ಮೇಸ್ತ್ರಿಯನ್ನು ಕರೆಸಿ. ತೆಳುವಾದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗು ಹೋಗುತ್ತೆ.

ಮೊದಲು ಹೊರಗೆ ನೋಡಿ

ಆಯಿಲ್ ಹೋಗೋದಕ್ಕೆ ಇರೋದು ಕೆಲವೇ ದಾರಿ. ಹೊರಗೆ ಸೋರಬೇಕು, ರಿಂಗಿನ ಕಡೆಯಿಂದ ಮೇಲೆ ಹತ್ತಿ ಉರಿಯಬೇಕು, ವಾಲಿನ ಗೈಡಿನಲ್ಲಿ ಇಳಿದು ಉರಿಯಬೇಕು, ಬ್ರೀದರಿನಲ್ಲಿ ಉಗುಳಿ ಹೋಗಬೇಕು, ಇಲ್ಲವೇ ನೀರಿಗೆ ಸೇರಬೇಕು. ಟರ್ಬೊ ಇರುವ ಹೊಸ ಕಾರು, ಟ್ರ್ಯಾಕ್ಟರುಗಳಲ್ಲಿ ಟರ್ಬೊ ಇನ್ನೊಂದು ದಾರಿ.

ಇಂಜಿನ್ನನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಚೆನ್ನಾಗಿ ಒರೆಸಿ, ಒಣಗಿಸಿ. ರಾತ್ರಿ ಅಡಿಗೆ ಗೊಬ್ಬರದ ಖಾಲಿ ಚೀಲ ಬಿಚ್ಚಿ ಹಾಸಿ. ಬೆಳಿಗ್ಗೆ ಎಲ್ಲಿ ಕಲೆ ಬಿದ್ದಿದೆಯೋ ಅದರ ನೇರ ಮೇಲೆ ನೋಡಿ. ಟ್ಯಾಪೆಟ್ ಕವರು, ಫಿಲ್ಟರಿನ ಬುಡ, ಚೇಂಬರ್ ಗ್ಯಾಸ್ಕೆಟ್, ಮುಂದಿನ ಪುಲ್ಲಿಯ ಸೀಲು. ಇಂಜಿನ್ನು ಮತ್ತು ಗೇರ್ ಬಾಕ್ಸ್ ಸೇರುವ ಕಡೆ ಕ್ಲಚ್ ಮನೆಯ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತೆ. ಅಲ್ಲಿಂದ ಇಂಜಿನ್ ಆಯಿಲ್ ತೊಟ್ಟಿಕ್ಕಿದರೆ ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆ ಅಂತ ಅರ್ಥ. ಕೆಲವು ಸೋರಿಕೆ ಇಂಜಿನ್ ಓಡುವಾಗ ಮಾತ್ರ ಬರುತ್ತೆ. ಅದಕ್ಕೇ ಕೆಲಸದಿಂದ ಬಂದ ಕೂಡಲೇ ಇನ್ನೊಮ್ಮೆ ನೋಡಬೇಕು. ರೇಡಿಯೇಟರ್ ತಣ್ಣಗಾದ ಮೇಲೆ ಮುಚ್ಚಳ ತೆಗೆದು, ನೀರಿನ ಮೇಲೆ ಆಯಿಲ್ ತೇಲುತ್ತಿದೆಯಾ ಅಂತಲೂ ನೋಡಿ. ನಮ್ಮದರಲ್ಲಿ ಚೀಲ ಸ್ವಚ್ಛವಾಗೇ ಇತ್ತು, ನೀರೂ ಸ್ವಚ್ಛ. ಹಾಗಾದರೆ ಒಳಗೇ ಉರಿಯುತ್ತಿದೆ ಅಂತಾಯಿತು.

ಹೊಗೆಯ ಬಣ್ಣ ಮತ್ತು ಹೊತ್ತು

ಆಯಿಲ್ ಉರಿದರೆ ಹೊಗೆ ನೀಲಿ. ಡೀಸೆಲ್ ಹೆಚ್ಚಾದರೆ ಅಥವಾ ಗಾಳಿ ಸಾಲದಿದ್ದರೆ ಕಪ್ಪು. ತಣ್ಣಗಿನ ಇಂಜಿನ್ನಿನಲ್ಲಿ ಸ್ವಲ್ಪ ಹೊತ್ತು ಬಿಳಿ ಬರುತ್ತೆ, ಕಾದ ಮೇಲೆ ಹೋಗಬೇಕು. ಕಾದ ಮೇಲೂ ಬಿಳಿ ಬರುತ್ತಾ ನೀರು ಕಡಿಮೆಯಾದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ.

ಬಣ್ಣಕ್ಕಿಂತ ಯಾವ ಹೊತ್ತಿಗೆ ಬರುತ್ತೆ ಅನ್ನೋದು ಮುಖ್ಯ. ರಾತ್ರಿಯೆಲ್ಲಾ ನಿಂತ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಒಮ್ಮೆ ಬುಸ್ಸಂತ ನೀಲಿ ಹೊಗೆ ಬಂದು ನಿಂತುಹೋದರೆ, ವಾಲ್ ಗೈಡಿನಲ್ಲಿ ಆಯಿಲ್ ಇಳಿದಿರುತ್ತೆ. ಭಾರ ಎಳೆಯುವಾಗ, ಎಕ್ಸಲರೇಟರ್ ಕೊಟ್ಟಷ್ಟೂ ನೀಲಿ ಹೊಗೆ ಹೆಚ್ಚಾದರೆ ರಿಂಗು. ನಮ್ಮದು ಎರಡನೆಯ ಜಾತಿ.

ಇಂಜಿನ್ನಿನ ಉಸಿರು

ಬ್ರೀದರ್ ಅಂದರೆ ಇಂಜಿನ್ನಿನ ಒಳಗಿನ ಆವಿ ಹೊರಗೆ ಹೋಗುವ ಪೈಪು. ರಿಂಗು ಗಾಳಿ ತಡೆಯದಿದ್ದರೆ ಉರಿದ ಗಾಳಿ ಕೆಳಗೆ ನುಗ್ಗಿ ಈ ಪೈಪಿನಿಂದ ಹೊರಬರುತ್ತೆ. ಹಳೇ ಇಂಜಿನ್ನಿನಲ್ಲಿ ರೈಲಿನ ಹಾಗೆ ಪುಕ್ ಪುಕ್ ಅನ್ನೋದನ್ನ ನೋಡಿರುತ್ತೀರಿ.

ಇಂಜಿನ್ ಕಾದ ಮೇಲೆ ಬ್ರೀದರಿನ ಬಾಯಿಗೆ ಒಣ ಬಟ್ಟೆ ಹಿಡಿಯಿರಿ, ಕಟ್ಟಬೇಡಿ. ಬಟ್ಟೆ ಎಷ್ಟು ಹಾರುತ್ತೆ, ಎಷ್ಟು ಜಿಡ್ಡಾಗುತ್ತೆ ನೋಡಿ. ಅಂಥದೇ ಒಳ್ಳೇ ಟ್ರ್ಯಾಕ್ಟರ್ ಊರಲ್ಲಿದ್ದರೆ ಅದರ ಉಸಿರನ್ನೂ ನೋಡಿ ಹೋಲಿಸಿ. ನಮ್ಮದರ ಉಸಿರು ಬೇರೆಯವರದಕ್ಕಿಂತ ಜೋರಾಗಿತ್ತು, ಆದರೆ ಪುಕ್ ಪುಕ್ ಅನ್ನುತ್ತಿರಲಿಲ್ಲ. ಬ್ರೀದರ್ ಪೈಪು ಮಣ್ಣು ಕಟ್ಟಿ ಮುಚ್ಚಿದ್ದರೂ ಒಳಗೆ ಒತ್ತಡ ಏರಿ, ಒಳ್ಳೇ ಇಂಜಿನ್ನೂ ಸೀಲುಗಳ ಕಡೆಯಿಂದ ಆಯಿಲ್ ತಳ್ಳುತ್ತೆ. ಅದನ್ನು ಮೊದಲೇ ಸ್ವಚ್ಛ ಮಾಡಿಕೊಳ್ಳಿ.

ಸೈಲೆನ್ಸರ್ ಮ್ಯಾನಿಫೋಲ್ಡ್ ಬಿಚ್ಚಿ ನೋಡಿದ್ದು

ಇಷ್ಟಾದ ಮೇಲೆ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆಸಿದೆ. ಬಹಳ ವರ್ಷ ಡೀಸೆಲ್ ಇಂಜಿನ್ನಿನಲ್ಲೇ ಕೈ ಆಡಿಸಿದವರು. ನಾನು ಬರೆದಿಟ್ಟ ಲೆಕ್ಕ ನೋಡಿದರು. ಹೆಡ್ ಮುಟ್ಟಲಿಲ್ಲ. ಹೊಗೆ ಹೋಗುವ ಮ್ಯಾನಿಫೋಲ್ಡನ್ನು ಮಾತ್ರ ಬಿಚ್ಚಿದರು. ಅರ್ಧ ಗಂಟೆ ಕೆಲಸ, ಒಂದು ಗ್ಯಾಸ್ಕೆಟ್ ಖರ್ಚು.

ಅಲ್ಲಿ ಮೂರು ಸಿಲಿಂಡರಿನ ಮೂರು ಬಾಯಿ ಕಾಣುತ್ತೆ. ಒಂದು ಬಾಯಿ ಮಾತ್ರ ಜಿಡ್ಡಾಗಿ ಎರಡು ಒಣಗಿದ್ದರೆ, ಆ ಒಂದು ಸಿಲಿಂಡರಿನಲ್ಲೇ ದೋಷ. ರಿಂಗು ಮುರಿದಿರಬಹುದು, ತಲೆಕೆಳಗಾಗಿ ಕೂತಿರಬಹುದು, ಗೈಡು ಸಡಿಲ ಇರಬಹುದು. ಬಿಚ್ಚದೆ ಗತಿ ಇಲ್ಲ. ನಮ್ಮದರಲ್ಲಿ ಮೂರೂ ಒಂದೇ ಸಮ ಕರ್ರಗೆ ಜಿಡ್ಡಾಗಿದ್ದವು.

‘ಮೂರಕ್ಕೂ ಒಂದೇ ರೋಗ. ಯಜಮಾನ್ರೆ, ಕೆಲ್ಸ ಆದ್ಮೇಲೆ ಇದನ್ನ ಹೆಂಗ್ ಓಡ್ಸಿದ್ರಿ?’ ಅಂತ ಕೇಳಿದರು.

ಕೆಲಸ ಮಾಡಿದ ಮೇಸ್ತ್ರಿ ಶೆಡ್ಡಿನಲ್ಲೇ ಎರಡು ದಿನ ನ್ಯೂಟ್ರಲಿನಲ್ಲಿ ಓಡಿಸಿದ್ದರು. ‘50 ಗಂಟೆ ಮೆತ್ತಗೆ ಓಡ್ಸಿ, ನೇಗಿಲು ಕಟ್ಬೇಡಿ’ ಅಂತ ಹೇಳಿ ಕಳಿಸಿದ್ದರು. ಅದರಂತೆ ನೀರಿನ ಟ್ಯಾಂಕರು, ಖಾಲಿ ಟ್ರೇಲರು ಅಂತ 40 ಗಂಟೆ ಓಡಿತ್ತು. ಹಿರಿಯ ಮೇಸ್ತ್ರಿ ತಲೆಯಾಡಿಸಿ ‘ರಿಂಗ್ ಇನ್ನೂ ಕೂತಿಲ್ಲ’ ಅಂದರು.

ರಿಂಗು ಕೂರುವುದು ಅಂದರೆ ಏನು?

ಹೊಸ ಲೈನರನ್ನು ಕನ್ನಡಿಯಂತೆ ನುಣ್ಣಗೆ ಮಾಡಿರೋದಿಲ್ಲ. ಹೋನಿಂಗ್ ಕಲ್ಲಿನಿಂದ ಅಡ್ಡಡ್ಡ ಸಣ್ಣ ಗೀರು ಹಾಕಿರುತ್ತಾರೆ. ಆ ಗೀರಿನಲ್ಲಿ ಆಯಿಲ್ ನಿಲ್ಲುತ್ತೆ, ಅದರ ಏಣಿಗೆ ಉಜ್ಜಿ ರಿಂಗು ಲೈನರಿನ ಆಕಾರಕ್ಕೆ ಒಗ್ಗುತ್ತೆ. ಬೀಸುವ ಕಲ್ಲನ್ನು ಉಳಿಯಲ್ಲಿ ಹೊಡೆಸಿ ಒರಟು ಮಾಡಿಸುತ್ತೇವಲ್ಲ, ಹಾಗೆ. ನುಣ್ಣಗಾದ ಕಲ್ಲು ರಾಗಿ ಬೀಸೋದಿಲ್ಲ.

ರಿಂಗನ್ನು ಲೈನರಿಗೆ ಒತ್ತುವ ಕೆಲಸದಲ್ಲಿ ರಿಂಗಿನ ಬಿಗಿ ಸ್ವಲ್ಪವೇ. ಡೀಸೆಲ್ ಉರಿದಾಗ ಹುಟ್ಟುವ ಒತ್ತಡ ರಿಂಗಿನ ಬೆನ್ನ ಹಿಂದೆ ಹೋಗಿ ಅದನ್ನು ಹೊರಗೆ ನೂಕುತ್ತೆ. ಭಾರ ಇದ್ದರೆ ಒತ್ತಡ ಜಾಸ್ತಿ, ರಿಂಗು ಗಟ್ಟಿಯಾಗಿ ಉಜ್ಜಿ ಬೇಗ ಕೂರುತ್ತೆ. ನ್ಯೂಟ್ರಲಿನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಒತ್ತಡ ಇಲ್ಲ, ಬಿಸಿಯೂ ಸಾಲದು. ಲೈನರಿನ ಮೇಲೆ ಉಳಿದ ಆಯಿಲ್ ಅರೆಬರೆ ಸುಟ್ಟು ವಾರ್ನಿಷಿನ ಹಾಗೆ ಗೀರುಗಳಲ್ಲಿ ಕಟ್ಟಿಕೊಳ್ಳುತ್ತೆ. ಲೈನರ್ ಹೊಳಪಾಗುತ್ತೆ. ಆಮೇಲೆ ರಿಂಗು ಎಷ್ಟು ಓಡಿದರೂ ಜಾರುತ್ತೆ, ಕೂರೋದಿಲ್ಲ. ಹೆಚ್ಚು ಗಂಟೆ ಹೀಗೇ ಓಡಿದ್ದರೆ ಲೈನರಿಗೆ ಮತ್ತೆ ಹೋನಿಂಗ್ ಮಾಡಿಸಿ ರಿಂಗು ಹಾಕಲೇಬೇಕು. 40 ಗಂಟೆಗೆ ಇನ್ನೂ ಆಸೆ ಇದೆ ಅಂದರು ಮೇಸ್ತ್ರಿ.

ಭಾರ ಹಾಕಿದ ಕ್ರಮ

ಮೊದಲು ಆಯಿಲು, ಫಿಲ್ಟರು ಬದಲಿಸಿದೆವು. ಕಂಪನಿ ಹೇಳಿದ ದರ್ಜೆಯ ಸಾಮಾನ್ಯ ಆಯಿಲನ್ನೇ ಹಾಕಿದೆವು. ಹೆಡ್ ಬೋಲ್ಟುಗಳನ್ನು ಟಾರ್ಕ್ ಪಾನಾದಲ್ಲಿ ನೋಡಿ, ಟ್ಯಾಪೆಟ್ ಸರಿ ಮಾಡಿದರು. ಇಷ್ಟು ಮಾಡದೆ ಭಾರ ಹಾಕಬಾರದು.

ಆಮೇಲೆ ಕಲ್ಟಿವೇಟರ್ ಕಟ್ಟಿ ಹಸಿ ಇದ್ದ ಹೊಲಕ್ಕೆ ಇಳಿಸಿದೆ. ದಿನಾ ಮೊದಲ ಹತ್ತು ನಿಮಿಷ ಸುಮ್ಮನೆ ಓಡಾಡಿಸಿ ಬಿಸಿ ಮಾಡಿಕೊಳ್ಳೋದು. ಬಳಿಕ ಎಕ್ಸಲರೇಟರ್ ಮುಕ್ಕಾಲು, ಇಂಜಿನ್ ಸಲೀಸಾಗಿ ಎಳೆಯುವ ಗೇರು. ಏದುಸಿರು ಬಿಟ್ಟು ಕಪ್ಪು ಹೊಗೆ ಬರುವಷ್ಟು ಆಳ ಇಳಿಸಬಾರದು. ಹದಿನೈದು ನಿಮಿಷ ಎಳೆದ ಮೇಲೆ ಒಂದೆರಡು ನಿಮಿಷ ಹಗುರ, ಮತ್ತೆ ಎಳೆತ. ನೀರಿನ ಬಿಸಿ ತೋರಿಸುವ ಮುಳ್ಳು, ಆಯಿಲ್ ಒತ್ತಡದ ದೀಪ ಇವೆರಡರ ಮೇಲೆ ಸದಾ ಕಣ್ಣು. ಕೆಲಸ ಇಲ್ಲದಿದ್ದರೆ ನಿಲ್ಲಿಸಿಬಿಡೋದು, ಬೀಡಿ ಸೇದುವಾಗ ಓಡಿಸಿಟ್ಟು ಕೂರೋದಿಲ್ಲ.

ನಾನು ಬರೆದಿಟ್ಟ ಲೆಕ್ಕ ಇದು. ಎಲ್ಲಾ ಹತ್ತು ಗಂಟೆಗೆ:

ಭಾರ ಹಾಕುವ ಮೊದಲು: ಡೀಸೆಲ್ 20 ಲೀ., ಆಯಿಲ್ 540 ಮಿ.ಲೀ.
ಮೊದಲ 10 ಗಂಟೆ ಹೂಟಿ: ಡೀಸೆಲ್ 34 ಲೀ., ಆಯಿಲ್ 540 ಮಿ.ಲೀ.
ಎರಡನೇ 10 ಗಂಟೆ: ಡೀಸೆಲ್ 35 ಲೀ., ಆಯಿಲ್ 450 ಮಿ.ಲೀ.
ಮೂರನೇ 10 ಗಂಟೆ: ಡೀಸೆಲ್ 35 ಲೀ., ಆಯಿಲ್ 270 ಮಿ.ಲೀ.
ಐದನೇ 10 ಗಂಟೆ: ಡೀಸೆಲ್ 35 ಲೀ., ಆಯಿಲ್ 180 ಮಿ.ಲೀ.

ಎರಡೂ ಮುಕ್ಕಾಲಿದ್ದದ್ದು ಅರ್ಧ ಪಾಲಿಗೆ ಬಂತು. ನೀಲಿ ಹೊಗೆ ಹೋಯಿತು. ಬ್ರೀದರಿನ ಬಟ್ಟೆ ಹಾರೋದೂ ಕಡಿಮೆಯಾಯಿತು. ಮೊದಲ ಹತ್ತು ಗಂಟೆಯಲ್ಲಿ ಏನೂ ಇಳಿಯದಿದ್ದಾಗ ಮನೆಯಲ್ಲಿ ‘ಬಿಚ್ಸಿಬಿಡು’ ಅಂದರು. ಮೇಸ್ತ್ರಿ 50 ಗಂಟೆ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಇಳಿಯದಿದ್ದರೆ ಬಿಚ್ಚೋದು ಅಂತ ಮಾತಾಗಿತ್ತು. ಶೇಂಗಾ ಬಿತ್ತನೆ ಹದಕ್ಕೇ ಆಯಿತು, ಊರವರ ಬಾಡಿಗೆಯೂ ತಪ್ಪಲಿಲ್ಲ.

ಭಾರ ಹಾಕಿ ಕೆಡುವ ಇಂಜಿನ್ನೂ ಇದೆ

ಇದನ್ನು ಓದಿ ಎಲ್ಲರೂ ನೇಗಿಲು ಕಟ್ಟಬೇಡಿ. ಪಕ್ಕದೂರಿನ ನೆಂಟರೊಬ್ಬರ ಟ್ರ್ಯಾಕ್ಟರು ಕೆಲಸ ಆದ ಮೇಲೆ ನೂರು ಗಂಟೆ ಚೆನ್ನಾಗೇ ಓಡಿತು. ಆಮೇಲೆ ದಿನೇ ದಿನೇ ಆಯಿಲ್ ಕುಡಿಯೋದು ಜಾಸ್ತಿಯಾಯಿತು. ವ್ಯತ್ಯಾಸ ಗಮನಿಸಿ. ನಮ್ಮದು ಮೊದಲ ದಿನದಿಂದಲೇ ಕುಡಿಯುತ್ತಿತ್ತು. ಅವರದು ಒಳ್ಳೇದಿದ್ದು ಕೆಟ್ಟಿತು.

ಏರ್ ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಬಿಚ್ಚಿ, ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿದರು. ಬಟ್ಟೆಗೆ ಕೆಂಪು ಮಣ್ಣು ಹತ್ತಿತು. ಪೈಪಿನ ಅಡಿ ಭಾಗದಲ್ಲಿ, ಕ್ಲಿಪ್ಪಿನ ಪಕ್ಕ ಸೀಳಿತ್ತು. ಮೇಲಿನಿಂದ ಕಾಣದು. ಒಣ ಹೊಲದಲ್ಲಿ ಕುಂಟೆ ಹೊಡೆಯುವಾಗ, ಶೇಂಗಾ ಬಿಡಿಸುವ ಮೆಷಿನ್ ಓಡಿಸುವಾಗ ಏಳುವ ಧೂಳೆಲ್ಲಾ ಅಲ್ಲಿಂದ ನೇರ ಒಳಗೆ. ಆ ಧೂಳು ಆಯಿಲಿನ ಜೊತೆ ಸೇರಿ ಸಾಣೆ ಹಿಡಿದಂತೆ ರಿಂಗನ್ನೂ ಲೈನರನ್ನೂ ಸವೆಸುತ್ತೆ. ಇಂಥ ಇಂಜಿನ್ನಿಗೆ ಭಾರ ಹಾಕಿದರೆ ಇನ್ನೂ ಬೇಗ ಹೋಗುತ್ತೆ. ಅವರು ಮತ್ತೆ ಲೈನರು, ಪಿಸ್ಟನ್ ಹಾಕಿಸಿದರು, ಜೊತೆಗೆ ಹೊಸ ಪೈಪು. ಪೈಪು ಬದಲಿಸದೆ ಇಂಜಿನ್ ಮಾತ್ರ ಮಾಡಿಸಿದ್ದರೆ ಮೂರನೇ ಸಲವೂ ಅದೇ ಕತೆ ಆಗುತ್ತಿತ್ತು.

ಬಿಳಿ ಬಟ್ಟೆಯ ಪರೀಕ್ಷೆಗೆ ಐದು ನಿಮಿಷ ಸಾಕು. ನಮ್ಮಂಥ ಖುಷ್ಕಿ ಸೀಮೆಯವರು ತಿಂಗಳಿಗೊಮ್ಮೆ ಮಾಡಲೇಬೇಕು. ಆಯಿಲ್ ತೊಟ್ಟಿಯ ಏರ್ ಕ್ಲೀನರ್ ಇದ್ದರೆ ಗೆರೆಗಿಂತ ಮೇಲೆ ತುಂಬಬೇಡಿ. ಹೆಚ್ಚಾದ ಆಯಿಲನ್ನು ಇಂಜಿನ್ ಗಾಳಿಯ ಜೊತೆ ಎಳೆದುಕೊಂಡು ಸುಡುತ್ತೆ. ಆಗಲೂ ನೀಲಿ ಹೊಗೆಯೇ ಬರುತ್ತೆ.

ಹೆಡ್ ಮಾತ್ರ ಬಿಚ್ಚಿದ ಕಾರು

ನಮ್ಮ ಅಳಿಯ ಒಂದು ಹಳೇ ಪೆಟ್ರೋಲ್ ಕಾರು ಇಟ್ಟಿದ್ದಾರೆ. ಅದರ ಇಂಜಿನ್ನೂ ಕೆಲಸ ಆಗಿ ಬಂದದ್ದೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ. ಇಳಿಜಾರಿನಲ್ಲಿ ಎಕ್ಸಲರೇಟರ್ ಬಿಟ್ಟು ಇಳಿದು, ಕೆಳಗೆ ಮತ್ತೆ ಒತ್ತಿದಾಗ ಹಿಂದೆ ನೀಲಿ ಮೋಡ. ನೇರ ರಸ್ತೆಯಲ್ಲಿ ಎಳೆಯುವಾಗ ಏನೂ ಇಲ್ಲ. ಪೆಟ್ರೋಲ್ ಇಂಜಿನ್ನಿನಲ್ಲಿ ಎಕ್ಸಲರೇಟರ್ ಬಿಟ್ಟಾಗ ಗಾಳಿಯ ಬಾಗಿಲು ಮುಚ್ಚಿ, ಒಳಗಿನ ಎಳೆತ ಬಹಳ ಜೋರಾಗುತ್ತೆ. ಆ ಎಳೆತಕ್ಕೆ ವಾಲಿನ ಕಡ್ಡಿಯ ಗುಂಟ ಆಯಿಲ್ ಇಳಿಯುತ್ತೆ. ಹೆಡ್ ಒಂದನ್ನೇ ಇಳಿಸಿ ಗೈಡು, ವಾಲ್ ಸೀಲು ಹಾಕಿಸಿದರು. ಪಿಸ್ಟನ್ ಮುಟ್ಟದೆ ಸರಿಹೋಯಿತು. ಹೊಗೆ ಬರುವ ಹೊತ್ತನ್ನು ಗಮನಿಸಿದ್ದಕ್ಕೆ ಅರ್ಧ ಖರ್ಚು ಉಳಿಯಿತು.

ದಪ್ಪ ಆಯಿಲ್ ಹಾಕಲೇ?

ಕೆಲವರು ದಪ್ಪ ಆಯಿಲ್ ಹಾಕಿ ಅಂತಾರೆ, ಕೆಲವರು ಡಬ್ಬಿ ಔಷಧಿ ಸುರಿಯಿರಿ ಅಂತಾರೆ. ದಪ್ಪ ಆಯಿಲಿಗೆ ಹೊಗೆ ಸ್ವಲ್ಪ ದಿನ ಕಡಿಮೆ ಕಾಣಬಹುದು. ಕಾರಣ ಒಳಗೇ ಉಳಿದಿರುತ್ತೆ. ಚಳಿಯ ಬೆಳಗಿನಲ್ಲಿ ಅದು ಬೇರಿಂಗಿಗೆ ತಲುಪೋದು ತಡ. ಕಾರಣ ಗೊತ್ತಾಗುವ ತನಕ ಪುಸ್ತಕದಲ್ಲಿ ಹೇಳಿದ ಆಯಿಲೇ ಇರಲಿ.

ಇಂಜಿನ್ ಕೆಲಸ ಮಾಡಿಸುವವರಿಗೆ

ಕೆಲಸ ನಡೆಯುವ ದಿನ ಮೇಸ್ತ್ರಿಯ ಪಕ್ಕದಲ್ಲೇ ಕೂತಿರಿ. ಇಷ್ಟನ್ನು ಮರ್ಯಾದೆಯಿಂದಲೇ ಕೇಳಿ:

1. ಲೈನರಿನಲ್ಲಿ ಅಡ್ಡಡ್ಡ ಗೀರು ಕಾಣುತ್ತಾ? ಹೋನಿಂಗ್ ಆದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ಬಿಳಿ ಬಟ್ಟೆ ಕಪ್ಪಾಗದ ತನಕ ಒರೆಸಿದಿರಾ?
2. ರಿಂಗನ್ನು ಲೈನರಿನ ಒಳಗಿಟ್ಟು ಬಾಯಿಯ ಸಂದು ಅಳೆದಿರಾ?
3. ರಿಂಗಿನ ಗುರುತು ಮೇಲ್ಮುಖವಾಗಿದೆಯಾ? ಬಾಯಿಗಳು ಒಂದರ ಕೆಳಗೆ ಒಂದು ಬಾರದಂತೆ ತಿರುಗಿಸಿ ಕೂರಿಸಿದಿರಾ?
4. ವಾಲ್ ಗೈಡು ಸಡಿಲ ನೋಡಿದಿರಾ? ಸೀಲು ಹೊಸದಾ?
5. ಏರ್ ಕ್ಲೀನರ್ ಪೈಪು, ಕ್ಲಿಪ್ಪು ಹೊಸದು ಹಾಕಿದಿರಾ?
6. ಮೊದಲ 50 ಗಂಟೆ ಯಾವ ಭಾರದಲ್ಲಿ ಓಡಿಸಬೇಕು, ಆಯಿಲ್ ಯಾವಾಗ ಬದಲಿಸಬೇಕು?

ಯಂತ್ರದ ಕೆಲಸ ಕಲಿಯುವ ಆಸೆ ಇರುವ ಹುಡುಗರು ಮನೆಯಲ್ಲಿದ್ದರೆ, ನಮ್ಮ ಗಡಿಯ ಆಚೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರಕಾರದ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಅಲ್ಲಿ ರೈತರಿಗೂ ತರಬೇತಿ ಕೊಡುತ್ತಾರೆ.

ಟೂಲ್ ಬಾಕ್ಸಿನಲ್ಲಿ ಒಂದು ಸಣ್ಣ ನೋಟ್ ಬುಕ್ಕು, ಒಂದು ಕ್ವಾರ್ಟರ್ ಬಾಟಲಿ ಇಟ್ಟುಕೊಳ್ಳಿ. ತಾರೀಖು, ಗಂಟೆ, ಡೀಸೆಲು, ಆಯಿಲು, ಹೊಗೆ ಬಂದ ಹೊತ್ತು ಬರೆಯಿರಿ. ‘ಬಿಚ್ಚೋಣ’ ಅಂತ ಯಾರಾದರೂ ಅಂದರೆ ಮೊದಲು ಆ ಪುಸ್ತಕ ತೋರಿಸಿ, ‘ಯಾವ ದಾರೀಲಿ ಹೋಗ್ತೈತೆ ಹೇಳಿ ಮೇಸ್ತ್ರಿ’ ಅಂತ ಕೇಳಿ. ಉತ್ತರ ಸಿಕ್ಕ ಮೇಲೆ ಪಾನಾ ಹಿಡಿಯಲಿ.